ನಿಮ್ಮ ಊರಿನ ಹವೆ, ಜಗತ್ತಿನ ನಗರಗಳ ಹವೆ: ಹೋಲಿಸುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಎರಡು ನಗರಗಳ ಹೆಸರು ಬರೆದು ಗುಂಡಿ ಒತ್ತಿದರೆ ಸಾಕು, ಎರಡು ತಾಪಮಾನಗಳು ಪರದೆಯ ಮೇಲೆ ಅಕ್ಕಪಕ್ಕ ಬಂದು ಕೂರುತ್ತವೆ. ಆ ಎರಡನ್ನೂ ಒಂದೇ ಬಗೆಯಲ್ಲಿ ಅಳೆದಿದ್ದಾರೆಯೇ, ಎರಡೂ ಒಂದೇ ಅವಧಿಯವೇ, ಅಳೆದ ಜಾಗ ನಿಜವಾಗಿ ಆ ನಗರದೊಳಗೇ ಇದೆಯೇ ಎಂಬುದು ಮಾತ್ರ ಅಲ್ಲಿ ಕಾಣುವುದಿಲ್ಲ. ಕೆಳಗಿನ ಪ್ರಶ್ನೆಗಳಲ್ಲಿ ಬಹುಪಾಲು ಈ ಸಂದೇಹದಿಂದಲೇ ಹುಟ್ಟಿದವು.

ಹವಾಮಾನವನ್ನು ಹೋಲಿಸುವುದಕ್ಕೂ ವಾಯುಗುಣವನ್ನು ಹೋಲಿಸುವುದಕ್ಕೂ ವ್ಯತ್ಯಾಸವಿದೆಯೇ?

ಇದೆ. ಈ ಹೊತ್ತಿನ ಬಿಸಿಲು, ನಾಳೆಯ ಮಳೆ ಇವು ಹವಾಮಾನ. ಹತ್ತಾರು ವರ್ಷಗಳ ದಾಖಲೆಯಿಂದ ತಿಳಿದುಬರುವ ಊರಿನ ಸ್ವಭಾವ ವಾಯುಗುಣ. ಒಂದು ದಿನ ಲಂಡನ್‌ನಲ್ಲಿ 32 ಡಿಗ್ರಿ, ನಿಮ್ಮಲ್ಲಿ 27 ಡಿಗ್ರಿ ಇದ್ದರೆ ಲಂಡನ್ ನಿಮ್ಮ ಊರಿಗಿಂತ ಸೆಕೆಯ ಊರು ಎಂದಾಗುವುದಿಲ್ಲ. ಪ್ರವಾಸಕ್ಕೆ ಬಟ್ಟೆ ಹೊಂದಿಸಿಕೊಳ್ಳುವವರಿಗೆ ಹವಾಮಾನ ಬೇಕು. ಆ ನಗರದಲ್ಲಿ ನಾಲ್ಕು ವರ್ಷ ಓದುವವರಿಗೆ, ಕೆಲಸಕ್ಕೆ ಹೋಗಿ ನೆಲೆಸುವವರಿಗೆ ವಾಯುಗುಣ ಬೇಕು. ತಮಗೆ ಬೇಕಾದದ್ದು ಯಾವುದು ಎಂದು ಮೊದಲೇ ತೀರ್ಮಾನಿಸಿಕೊಂಡರೆ ಅರ್ಧ ಗೊಂದಲ ಕಳೆಯುತ್ತದೆ.

ಈ ಕ್ಷಣದ ತಾಪಮಾನಗಳನ್ನು ಅಕ್ಕಪಕ್ಕ ಇಟ್ಟು ನೋಡುವುದು ತಪ್ಪೇ?

ತಪ್ಪಲ್ಲ, ಆದರೆ ಅದರಿಂದ ತಿಳಿಯುವುದು ಕಡಿಮೆ. ನಿಮ್ಮಲ್ಲಿ ಮಧ್ಯಾಹ್ನ ಮೂರು ಗಂಟೆಯಾದಾಗ ಇನ್ನೊಂದು ನಗರದಲ್ಲಿ ಬೆಳಗಿನ ಜಾವ ಐದಾಗಿರಬಹುದು. ಆಗ ನೀವು ದಿನದ ಅತಿ ಬಿಸಿಯಾದ ಹೊತ್ತನ್ನು ಅತಿ ತಂಪಾದ ಹೊತ್ತಿನ ಎದುರು ನಿಲ್ಲಿಸಿದಂತಾಗುತ್ತದೆ. ಒಂದು ದಿನವನ್ನೇ ಹೋಲಿಸುವುದಾದರೆ ಆಯಾ ನಗರದ ಸ್ಥಳೀಯ ದಿನದ ಗರಿಷ್ಠ ಮತ್ತು ಕನಿಷ್ಠ ತಾಪಮಾನಗಳನ್ನು ತೆಗೆದುಕೊಳ್ಳಿ.

ಯಾವ ಜಾಲತಾಣದಿಂದ ಆರಂಭಿಸಬೇಕು?

ಮುಂದಿನ ಕೆಲವು ದಿನಗಳ ಅಧಿಕೃತ ಮುನ್ಸೂಚನೆ ಬೇಕಿದ್ದರೆ ವಿಶ್ವ ಹವಾಮಾನ ಸಂಸ್ಥೆಯ ವಿಶ್ವ ಹವಾಮಾನ ಮಾಹಿತಿ ಸೇವೆ ಒಳ್ಳೆಯ ಜಾಗ. ಅಲ್ಲಿ ಆಯಾ ದೇಶದ ಹವಾಮಾನ ಇಲಾಖೆಗಳೇ ತಮ್ಮ ನಗರಗಳ ಮುನ್ಸೂಚನೆಯನ್ನೂ ತಿಂಗಳವಾರು ಸರಾಸರಿಯನ್ನೂ ಕೊಡುತ್ತವೆ. ಎರಡು ನಗರಗಳ ವರ್ಷವನ್ನು ಒಂದೇ ನಕ್ಷೆಯ ಮೇಲೆ ನೋಡಲು ವೆದರ್‌ಸ್ಪಾರ್ಕ್ ಅನುಕೂಲಕರ. ಮೊದಲ ಬಾರಿಗೆ ಹೋಲಿಸುವವರಿಗೆ ನಾನು ಸೂಚಿಸುವುದೂ ಅದನ್ನೇ, ಏಕೆಂದರೆ ಅಂಕಿಗಳ ಪಟ್ಟಿಗಿಂತ ಎರಡು ವಕ್ರರೇಖೆಗಳು ಬೇಗ ಅರ್ಥವಾಗುತ್ತವೆ. ದಿನದಿನದ ಹಳೆಯ ದಾಖಲೆಯನ್ನು ಇಳಿಸಿಕೊಂಡು ತಾವೇ ಲೆಕ್ಕ ಹಾಕುವವರಿಗೆ ಮೀಟಿಯೊಸ್ಟಾಟ್ ಇದೆ. ಅಮೆರಿಕ ಸರ್ಕಾರದ ಸಾಗರ ಮತ್ತು ವಾತಾವರಣ ಸಂಸ್ಥೆಯಾದ ನೋವಾದ ಜಾಗತಿಕ ದೈನಂದಿನ ಸಂಗ್ರಹದಲ್ಲಿ 180 ದೇಶ ಮತ್ತು ಪ್ರದೇಶಗಳ ಒಂದು ಲಕ್ಷಕ್ಕೂ ಹೆಚ್ಚು ಮಾಪನ ಕೇಂದ್ರಗಳಿವೆ, ಆದರೆ ಅವುಗಳಲ್ಲಿ ಅನೇಕ ಕೇಂದ್ರಗಳು ಮಳೆಯನ್ನು ಮಾತ್ರ ಅಳೆಯುತ್ತವೆ.

ವಿಕಿಪೀಡಿಯದ ನಗರ ಪುಟಗಳಲ್ಲಿರುವ ಬಣ್ಣಬಣ್ಣದ ಕೋಷ್ಟಕವನ್ನೂ ಧಾರಾಳವಾಗಿ ಬಳಸಬಹುದು. ಕೋಷ್ಟಕದ ತಲೆಬರಹದಲ್ಲಿ ಕೇಂದ್ರದ ಹೆಸರನ್ನೂ ಅವಧಿಯನ್ನೂ ಸಾಮಾನ್ಯವಾಗಿ ಬರೆದಿರುತ್ತಾರೆ. ಹೋಲಿಸುವ ಮುನ್ನ ಆ ಒಂದು ಸಾಲನ್ನು ಓದಿ.

'ವಾಡಿಕೆ' ಎಂದರೆ ಎಷ್ಟು ವರ್ಷಗಳ ಸರಾಸರಿ?

ಮೂವತ್ತು ವರ್ಷಗಳದ್ದು. ಮೊದಲು ಪ್ರಮಾಣಿತ ಅವಧಿ ಮೂವತ್ತು ವರ್ಷಗಳಿಗೊಮ್ಮೆ ಬದಲಾಗುತ್ತಿತ್ತು. 2015ರಲ್ಲಿ ವಿಶ್ವ ಹವಾಮಾನ ಸಂಸ್ಥೆಯು ಅದನ್ನು ಹತ್ತು ವರ್ಷಗಳಿಗೊಮ್ಮೆ ಪರಿಷ್ಕರಿಸಲು ನಿರ್ಧರಿಸಿತು. ಆ ಪ್ರಕಾರ ಈಗ ಚಾಲ್ತಿಯಲ್ಲಿರುವುದು 1991ರಿಂದ 2020ರವರೆಗಿನ ಅವಧಿ. ವಾಯುಗುಣ ಬದಲಾವಣೆಯನ್ನು ದೀರ್ಘಕಾಲದ ನೆಲೆಯಲ್ಲಿ ಅಳೆಯುವುದಕ್ಕಾಗಿ 1961–1990ರ ಅವಧಿಯನ್ನೂ ಉಳಿಸಿಕೊಂಡಿದ್ದಾರೆ. ಒಂದು ನಗರಕ್ಕೆ ಹಳೆಯ ಅವಧಿಯ ಅಂಕಿ, ಇನ್ನೊಂದಕ್ಕೆ ಹೊಸ ಅವಧಿಯ ಅಂಕಿ ಹಿಡಿದರೆ, ಈ ನಡುವೆ ಭೂಮಿ ಬಿಸಿಯಾದ ಪ್ರಮಾಣವನ್ನೂ ನೀವು ನಗರಗಳ ವ್ಯತ್ಯಾಸದೊಳಗೆ ಸೇರಿಸಿಬಿಡುತ್ತೀರಿ. ಹಿಂದಿನ ವರ್ಷವೊಂದನ್ನೇ ಹಿಡಿದು ಹೋಲಿಸಿದರೂ ಇಂಥದೇ ಅಪಾಯವಿದೆ, ಏಕೆಂದರೆ ಪೆಸಿಫಿಕ್ ಸಾಗರದ ನಡುಭಾಗದ ನೀರು ವಾಡಿಕೆಗಿಂತ ಬಿಸಿಯಾಗುವ ಎಲ್ ನಿನೊ ಇರುವ ವರ್ಷ ಕೆಲವು ನಗರಗಳಲ್ಲಿ ಮಳೆ ಕಡಿಮೆಯಾದರೆ ಇನ್ನು ಕೆಲವು ಕಡೆ ಹೆಚ್ಚಾಗುತ್ತದೆ.

ವಾರ್ಷಿಕ ಸರಾಸರಿ ತಾಪಮಾನ ಹತ್ತಿರವಿದ್ದರೆ ಎರಡೂ ನಗರಗಳ ಹವೆ ಒಂದೇ ಎನ್ನಬಹುದೇ?

ಎನ್ನಲಾಗದು, ಮತ್ತು ಹೋಲಿಸುವವರು ಅತಿ ಹೆಚ್ಚು ಮೋಸ ಹೋಗುವುದು ಇಲ್ಲಿಯೇ. ದಕ್ಷಿಣ ಕೊರಿಯಾದ ಸೋಲ್ ಮತ್ತು ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ಎರಡೂ ಸುಮಾರು 37.5ರಿಂದ 38 ಡಿಗ್ರಿ ಉತ್ತರ ಅಕ್ಷಾಂಶದಲ್ಲಿವೆ. ಸೋಲ್‌ನ ವಾರ್ಷಿಕ ಸರಾಸರಿ 13 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿದೆ, ಸ್ಯಾನ್ ಫ್ರಾನ್ಸಿಸ್ಕೊದ್ದು 14ರಿಂದ 15ರ ನಡುವೆ ಇದೆ. ಇಷ್ಟನ್ನೇ ನೋಡಿದವರು ಇವೆರಡನ್ನೂ ಅವಳಿ ನಗರಗಳೆಂದುಕೊಂಡಾರು. ತಿಂಗಳವಾರು ಕೋಷ್ಟಕ ತೆರೆದರೆ ಚಿತ್ರವೇ ಬೇರೆ: ಸೋಲ್‌ನಲ್ಲಿ ಜನವರಿಯ ಸರಾಸರಿ ಸೊನ್ನೆಗಿಂತ ಸುಮಾರು 2 ಡಿಗ್ರಿ ಕೆಳಗಿದ್ದು, ಆಗಸ್ಟ್‌ನದು 26 ಡಿಗ್ರಿ ಮುಟ್ಟುತ್ತದೆ, ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಅತಿ ತಂಪಾದ ತಿಂಗಳಿಗೂ ಅತಿ ಬೆಚ್ಚನೆಯ ತಿಂಗಳಿಗೂ ಆರೇಳು ಡಿಗ್ರಿಗಳಷ್ಟೇ ಅಂತರ, ಅದೂ ಅಲ್ಲಿಯ ಅತಿ ಬೆಚ್ಚನೆಯ ತಿಂಗಳು ಸೆಪ್ಟೆಂಬರ್. ಒಂದು ನಗರಕ್ಕೆ ಚಳಿಗಾಲದಲ್ಲಿ ಏಷ್ಯಾ ಖಂಡದ ಒಳನಾಡಿನ ಶೀತಗಾಳಿ ಬೀಸುತ್ತದೆ, ಇನ್ನೊಂದು ನಗರ ವರ್ಷವಿಡೀ ಪೆಸಿಫಿಕ್‌ನ ತಣ್ಣನೆಯ ಪ್ರವಾಹದ ಪಕ್ಕದಲ್ಲಿದೆ.

ಆದ್ದರಿಂದ ಕನಿಷ್ಠ ಹನ್ನೆರಡು ತಿಂಗಳ ಗರಿಷ್ಠ, ಕನಿಷ್ಠ ಮತ್ತು ಮಳೆ, ಹೀಗೆ ಮೂವತ್ತಾರು ಅಂಕಿಗಳನ್ನಾದರೂ ಎದುರುಬದುರು ಇಡಬೇಕು. ಸರಾಸರಿಯನ್ನು ಲೆಕ್ಕ ಹಾಕುವ ವಿಧಾನವೂ ಎಲ್ಲೆಡೆ ಒಂದೇ ಅಲ್ಲ: ಕೆಲವು ದೇಶಗಳು ದಿನದ ಗರಿಷ್ಠ–ಕನಿಷ್ಠಗಳನ್ನು ಕೂಡಿಸಿ ಎರಡರಿಂದ ಭಾಗಿಸುತ್ತವೆ, ಕೆಲವು ಇಪ್ಪತ್ತನಾಲ್ಕು ಗಂಟೆಗಳ ಅಳತೆಯ ಸರಾಸರಿ ತೆಗೆಯುತ್ತವೆ. ಒಂದೇ ಊರಿಗೆ ಈ ಎರಡು ವಿಧಾನಗಳು ತುಸು ಬೇರೆ ಉತ್ತರ ಕೊಡುವುದರಿಂದ, ಅರ್ಧ ಡಿಗ್ರಿಯ ವ್ಯತ್ಯಾಸಕ್ಕೆ ಹೆಚ್ಚು ಅರ್ಥ ಹಚ್ಚಬೇಡಿ.

ಅಕ್ಷಾಂಶ ಒಂದೇ ಆದರೂ ಹವೆ ಇಷ್ಟು ಬೇರೆಯಾಗಲು ಕಡಲಿನ ಹೊರತು ಬೇರೆ ಕಾರಣ ಏನು?

ಎತ್ತರ. ಸಿಂಗಪುರ, ಈಕ್ವೆಡಾರ್ ರಾಜಧಾನಿ ಕೀಟೊ ಎರಡೂ ಭೂಮಧ್ಯರೇಖೆಯ ಮಗ್ಗುಲಲ್ಲೇ ಇವೆ. ಸಿಂಗಪುರ ಸಮುದ್ರಮಟ್ಟದಲ್ಲಿದ್ದು ವರ್ಷವಿಡೀ ಸರಾಸರಿ 27–28 ಡಿಗ್ರಿಯಲ್ಲಿರುತ್ತದೆ; ಸುಮಾರು 2,850 ಮೀಟರ್ ಎತ್ತರದ ಕೀಟೊ 15 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ವಾತಾವರಣದಲ್ಲಿ ಪ್ರತಿ ಕಿಲೊಮೀಟರ್ ಮೇಲೇರಿದಂತೆ ತಾಪಮಾನ ಸರಾಸರಿ 6.5 ಡಿಗ್ರಿ ಇಳಿಯುತ್ತದೆ ಎಂಬ ಸೂತ್ರವನ್ನು ಇಲ್ಲಿ ನೇರವಾಗಿ ಹಾಕಿದರೆ 18 ಡಿಗ್ರಿಗೂ ಹೆಚ್ಚು ವ್ಯತ್ಯಾಸ ಬರಬೇಕಿತ್ತು, ಆದರೆ ನಿಜವಾಗಿ ಇರುವುದು 13ರ ಹತ್ತಿರ. ಬೆಟ್ಟದ ನಡುವಿನ ನೆಲವೂ ಬಿಸಿಲಿಗೆ ಕಾಯುತ್ತದೆ; ಆ ಸೂತ್ರ ಊಹೆಗೆ ಸರಿ, ನಿಖರ ಲೆಕ್ಕಕ್ಕೆ ಅಲ್ಲ.

ಮಳೆಯನ್ನು ಹೋಲಿಸುವಾಗ ಒಟ್ಟು ಪ್ರಮಾಣ ನೋಡಬೇಕೋ, ಮಳೆ ದಿನಗಳನ್ನು ನೋಡಬೇಕೋ?

ಎರಡನ್ನೂ ನೋಡಬೇಕು, ಒಂದನ್ನು ಬಿಟ್ಟರೆ ಇನ್ನೊಂದು ದಾರಿ ತಪ್ಪಿಸುತ್ತದೆ. ಸದಾ ಮಳೆಯ ಊರು ಎಂದು ಹೆಸರಾದ ಲಂಡನ್‌ನಲ್ಲಿ ವರ್ಷಕ್ಕೆ ಬೀಳುವುದು ಸುಮಾರು 600 ಮಿಲಿಮೀಟರ್ ಮಳೆ. ನ್ಯೂಯಾರ್ಕ್‌ನಲ್ಲಿ ಅದರ ಎರಡರಷ್ಟು, ಅಂದರೆ 1,200 ಮಿಲಿಮೀಟರಿಗೂ ಹೆಚ್ಚು ಮಳೆಯಾಗುತ್ತದೆ. ಬಿಸಿಲಿನ ನಗರವೆಂದು ಪ್ರವಾಸಿಗರು ಭಾವಿಸುವ ಸಿಡ್ನಿಯದೂ ಹೆಚ್ಚುಕಡಿಮೆ ಅಷ್ಟೇ. ಲಂಡನ್‌ನ ಮಳೆ ವರ್ಷದ ನೂರಕ್ಕೂ ಹೆಚ್ಚು ದಿನಗಳ ಮೇಲೆ ತುಂತುರಾಗಿ ಹರಡಿಕೊಳ್ಳುತ್ತದೆ, ಮೋಡ ಕವಿದ ದಿನಗಳು ಅದಕ್ಕೆ ಜೊತೆಯಾಗುತ್ತವೆ. ಆ ಖ್ಯಾತಿ ಹುಟ್ಟಿದ್ದು ಪ್ರಮಾಣದಿಂದಲ್ಲ, ಪುನರಾವರ್ತನೆಯಿಂದ. ಇದಕ್ಕೆ ವಿರುದ್ಧವಾಗಿ ಮುಂಬೈಯಲ್ಲಿ 2,000 ಮಿಲಿಮೀಟರಿಗೂ ಮೀರಿದ ವಾರ್ಷಿಕ ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿದು ಮುಗಿಯುತ್ತದೆ.

ಮಳೆ ದಿನಗಳ ಎಣಿಕೆಯಲ್ಲಿ ಇನ್ನೊಂದು ತೊಡಕಿದೆ. 'ಮಳೆ ದಿನ' ಎಂದು ಯಾವುದನ್ನು ಕರೆಯಬೇಕು ಎಂಬುದರಲ್ಲೇ ದೇಶಗಳ ನಡುವೆ ಒಮ್ಮತವಿಲ್ಲ. ಭಾರತದ ಹವಾಮಾನ ಇಲಾಖೆ 2.5 ಮಿಲಿಮೀಟರ್ ಅಥವಾ ಅದಕ್ಕಿಂತ ಹೆಚ್ಚು ಮಳೆಯಾದ ದಿನವನ್ನು ಮಾತ್ರ ಎಣಿಸುತ್ತದೆ. ಅಮೆರಿಕದ ಕೋಷ್ಟಕಗಳಲ್ಲಿ ಮಿತಿ ಇಂಚಿನ ನೂರರಲ್ಲೊಂದು ಭಾಗ, ಅಂದರೆ ಕಾಲು ಮಿಲಿಮೀಟರ್. ಬ್ರಿಟನ್ನಿನಲ್ಲಿ 0.2 ಮಿಲಿಮೀಟರಿನ ಮಿತಿಗೆ ಒಂದು ಹೆಸರು, 1 ಮಿಲಿಮೀಟರಿನ ಮಿತಿಗೆ ಇನ್ನೊಂದು ಹೆಸರು ಇದೆ. ಒಂದು ನಗರಕ್ಕೆ ಕಾಲು ಮಿಲಿಮೀಟರ್, ಇನ್ನೊಂದಕ್ಕೆ ಎರಡೂವರೆ ಮಿಲಿಮೀಟರ್ ಮಿತಿಯಿಟ್ಟು 'ಅಲ್ಲಿ 120 ದಿನ ಮಳೆ, ಇಲ್ಲಿ 60 ದಿನ ಮಾತ್ರ' ಎನ್ನುವುದು ಬೇರೆ ಬೇರೆ ಜರಡಿಗಳಲ್ಲಿ ಕಾಳು ಸೋಸಿ ಯಾವ ರಾಶಿ ದೊಡ್ಡದು ಎಂದು ಕೇಳಿದಂತೆ. ವೆದರ್‌ಸ್ಪಾರ್ಕ್‌ನಂಥ ತಾಣಗಳು ಎಲ್ಲ ನಗರಗಳಿಗೂ 1 ಮಿಲಿಮೀಟರಿನ ಒಂದೇ ಮಿತಿ ಹಾಕುವುದರಿಂದ, ದಿನಗಳ ಎಣಿಕೆಗೆ ಅಂಥ ತಾಣವನ್ನೇ ನೆಚ್ಚುವುದು ಲೇಸು.

ದಿನವೊಂದರ ಮಳೆಯನ್ನು ಹೋಲಿಸುವವರು ದಿನದ ಗಡಿಯನ್ನೂ ಗಮನಿಸಬೇಕು. ಭಾರತದಲ್ಲಿ ಬೆಳಿಗ್ಗೆ ಎಂಟೂವರೆಗೆ, ಆಸ್ಟ್ರೇಲಿಯದಲ್ಲಿ ಬೆಳಿಗ್ಗೆ ಒಂಬತ್ತಕ್ಕೆ ಮಳೆಮಾಪಕವನ್ನು ನೋಡಿ ಹಿಂದಿನ ಇಪ್ಪತ್ತನಾಲ್ಕು ಗಂಟೆಗಳ ಮಳೆಯನ್ನು ಬರೆದುಕೊಳ್ಳುತ್ತಾರೆ. 'ಇಂದು' ಎಂದು ಪ್ರಕಟವಾಗುವ ಮಳೆಯಲ್ಲಿ ಹೆಚ್ಚಿನ ಪಾಲು ನಿನ್ನೆ ಸಂಜೆಯದಾಗಿರಬಹುದು.

ಆರ್ದ್ರತೆ ಅಲ್ಲಿ ಶೇ 90, ನಮ್ಮಲ್ಲಿ ಶೇ 60. ಹಾಗಿದ್ದೂ ನಮ್ಮಲ್ಲೇ ಬೆವರು ಹೆಚ್ಚು ಏಕೆ?

ತಾಣಗಳು ತೋರಿಸುವುದು ಸಾಪೇಕ್ಷ ಆರ್ದ್ರತೆಯನ್ನು. ಅಂದರೆ ಆ ತಾಪಮಾನದ ಗಾಳಿ ಹೊರಬಲ್ಲ ಗರಿಷ್ಠ ನೀರಾವಿಯಲ್ಲಿ ಎಷ್ಟು ಪಾಲು ಈಗ ಇದೆ ಎಂಬುದನ್ನು. ಬಿಸಿ ಗಾಳಿಯ ಸಾಮರ್ಥ್ಯ ತಣ್ಣನೆಯ ಗಾಳಿಯದಕ್ಕಿಂತ ಬಹಳ ಹೆಚ್ಚು. 10 ಡಿಗ್ರಿಯಲ್ಲಿ ಶೇ 90ರಷ್ಟು ಆರ್ದ್ರತೆಯಿರುವ ಒಂದು ಘನ ಮೀಟರ್ ಗಾಳಿಯಲ್ಲಿ ಸುಮಾರು 8.5 ಗ್ರಾಂ ನೀರಾವಿ ಇದ್ದರೆ, 30 ಡಿಗ್ರಿಯಲ್ಲಿ ಶೇ 60ರಷ್ಟು ಆರ್ದ್ರತೆಯ ಗಾಳಿಯಲ್ಲಿ ಸುಮಾರು 18 ಗ್ರಾಂ ಇರುತ್ತದೆ. ಬೆವರು ಆರುವುದಕ್ಕೆ ಅಡ್ಡಿಯಾಗುವುದು ಈ ನೀರಾವಿಯೇ.

ಆದ್ದರಿಂದ ಶೇಕಡಾವಾರನ್ನು ಬಿಟ್ಟು ಇಬ್ಬನಿ ಬಿಂದುವನ್ನು, ಅಂದರೆ ಗಾಳಿ ಯಾವ ತಾಪಮಾನಕ್ಕೆ ತಣಿದರೆ ಅದರಲ್ಲಿನ ನೀರಾವಿ ಹನಿಗಟ್ಟತೊಡಗುತ್ತದೋ ಆ ತಾಪಮಾನವನ್ನು, ಹೋಲಿಸಿ. ಮೇಲಿನ ಎರಡು ಉದಾಹರಣೆಗಳಲ್ಲಿ ಅದು ಕ್ರಮವಾಗಿ ಎಂಟೂವರೆ ಮತ್ತು ಇಪ್ಪತ್ತೊಂದೂವರೆ ಡಿಗ್ರಿಯ ಸುತ್ತ ಬರುತ್ತದೆ. ಇಬ್ಬನಿ ಬಿಂದು 20 ಡಿಗ್ರಿ ದಾಟಿತೆಂದರೆ ಬಹುತೇಕರಿಗೆ ಗಾಳಿ ಜಿಗುಟು ಎನಿಸತೊಡಗುತ್ತದೆ. ಬಹಳಷ್ಟು ಫೋನ್ ಆ್ಯಪ್‌ಗಳು ಈ ಅಂಕಿಯನ್ನು ಒಳಪುಟದಲ್ಲಿ ಎಲ್ಲೋ ಅಡಗಿಸಿಟ್ಟಿರುತ್ತವೆ, ಹುಡುಕಿದರೆ ಸಿಗುತ್ತದೆ.

'ಅನುಭವಕ್ಕೆ ಬರುವ ತಾಪಮಾನ'ವನ್ನು ಹೋಲಿಸಿದರೆ ಈ ಗೊಂದಲ ತಪ್ಪುವುದಿಲ್ಲವೇ?

ತಪ್ಪುತ್ತಿತ್ತು, ಎಲ್ಲರೂ ಒಂದೇ ಸೂತ್ರ ಬಳಸಿದ್ದರೆ. ಅಮೆರಿಕದ ಶಾಖ ಸೂಚ್ಯಂಕ ತಾಪಮಾನ ಮತ್ತು ಆರ್ದ್ರತೆಯನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಂಡು, ನೀವು ನೆರಳಿನಲ್ಲಿದ್ದೀರಿ, ಗಾಳಿ ಹಗುರಾಗಿದೆ ಎಂದು ಭಾವಿಸಿಕೊಳ್ಳುತ್ತದೆ. ನೇರ ಬಿಸಿಲಿನಲ್ಲಿ ಅದಕ್ಕೆ 8 ಡಿಗ್ರಿ ಸೆಲ್ಸಿಯಸ್‌ವರೆಗೆ ಸೇರಿಸಿಕೊಳ್ಳಬೇಕಾಗಬಹುದು. ಆಸ್ಟ್ರೇಲಿಯದ ಸೂತ್ರ ಗಾಳಿಯ ವೇಗವನ್ನೂ ಸೇರಿಸುತ್ತದೆ. ಕೆನಡಾ ಹ್ಯುಮಿಡೆಕ್ಸ್ ಎಂಬ ತನ್ನದೇ ಅಳತೆಯನ್ನು ಬಳಸುತ್ತದೆ. ಖಾಸಗಿ ತಾಣಗಳಲ್ಲಿ ಕೆಲವು ತಮ್ಮ ಸೂತ್ರವನ್ನು ಪ್ರಕಟಿಸುವುದೂ ಇಲ್ಲ. ಒಂದೇ ತಾಣದಲ್ಲಿ ಎರಡೂ ನಗರಗಳನ್ನು ನೋಡುವುದಾದರೆ ಈ ಅಂಕಿ ಉಪಯುಕ್ತ; ತಾಣ ಬದಲಾದರೆ ಹೋಲಿಕೆ ಮುರಿದುಬೀಳುತ್ತದೆ.

ಒಂದೇ ನಗರಕ್ಕೆ ಎರಡು ತಾಣಗಳು ಎರಡು ತಾಪಮಾನ ತೋರಿಸುತ್ತವೆ. ಯಾವುದು ಸರಿ?

ಎರಡೂ ತಮ್ಮ ತಮ್ಮ ಲೆಕ್ಕದಲ್ಲಿ ಸರಿಯಿರಬಹುದು. ಒಂದು ತಾಣ ಮಾಪನ ಕೇಂದ್ರದ ನಿಜವಾದ ಓದನ್ನು ತೋರಿಸುತ್ತಿರಬಹುದು, ಇನ್ನೊಂದು ಗಣಕ ಮಾದರಿಯ ಅಂದಾಜನ್ನು. ಓಪನ್-ಮೀಟಿಯೊ ಎಂಬ ತಾಣ ಕೊಡುವ ಹಳೆಯ ದಾಖಲೆಗಳ ಹಿಂದೆ ಇರುವುದು ಮುಖ್ಯವಾಗಿ ಯುರೋಪಿನ ಮಧ್ಯಮಾವಧಿ ಮುನ್ಸೂಚನಾ ಕೇಂದ್ರದ ಇಆರ್‌ಎ5 ಎಂಬ ಮರುವಿಶ್ಲೇಷಣೆ, ಅಂದರೆ ಹಳೆಯ ಅಳತೆಗಳನ್ನು ಗಣಕ ಮಾದರಿಗೆ ಉಣಿಸಿ ಹಿಂದಿನ ಹವೆಯನ್ನು ಕಟ್ಟಿಕೊಡುವ ಲೆಕ್ಕ. ಅದು 1940ರಿಂದ ಇಂದಿನವರೆಗೆ ಇಡೀ ಭೂಮಿಯ ಹವೆಯನ್ನು ಗಂಟೆಗಂಟೆಗೆ, ಸುಮಾರು 31 ಕಿಲೊಮೀಟರ್ ಅಗಲದ ಚೌಕಗಳಲ್ಲಿ ಮರುರಚಿಸಿದೆ. ಮಾಪನ ಕೇಂದ್ರವೇ ಇಲ್ಲದ ಊರಿಗೂ ಅಂಕಿ ಸಿಗುವುದು, ನಡುವೆ ಎಲ್ಲೂ ಖಾಲಿ ಬೀಳದಿರುವುದು ಇದರ ದೊಡ್ಡ ಗುಣ. ಆದರೆ 31 ಕಿಲೊಮೀಟರಿನ ಒಂದು ಚೌಕದೊಳಗೆ ಕಡಲ ತೀರ, ಬೆಟ್ಟದ ತುದಿ, ಕಾಂಕ್ರೀಟಿನ ನಗರ ಮೂರೂ ಸೇರಿಕೊಂಡರೆ ಬರುವುದು ಮೂರರ ಮಿಶ್ರಣ. ಮೀಟಿಯೊಸ್ಟಾಟ್‌ನಲ್ಲಿಯೂ ದಾಖಲೆಯ ಖಾಲಿ ಜಾಗಗಳನ್ನು ಮಾದರಿಯ ಅಂಕಿಗಳಿಂದ ತುಂಬಿರುವುದುಂಟು.

ನನ್ನ ಪ್ರಕಾರ, ದಾಖಲೆ ಚೆನ್ನಾಗಿರುವ ದೊಡ್ಡ ನಗರಗಳಿಗೆ ಕೇಂದ್ರದ ಓದು, ಸಣ್ಣ ಊರುಗಳಿಗೆ ಮರುವಿಶ್ಲೇಷಣೆ ಎಂಬುದು ಒಳ್ಳೆಯ ನಿಯಮ. ಆದರೆ ಒಂದೇ ಹೋಲಿಕೆಯಲ್ಲಿ ಎರಡನ್ನೂ ಬೆರೆಸಬಾರದು. ನಿಮ್ಮದು ಸಣ್ಣ ಊರಾದರೆ ಎದುರಿಗಿರುವ ಮಹಾನಗರಕ್ಕೂ ಮರುವಿಶ್ಲೇಷಣೆಯ ಅಂಕಿಯನ್ನೇ ಹಿಡಿಯಿರಿ.

ನಗರದ ತಾಪಮಾನವನ್ನು ನಿಜವಾಗಿ ಎಲ್ಲಿ ಅಳೆಯುತ್ತಾರೆ?

ಹಲವು ಸಲ ವಿಮಾನ ನಿಲ್ದಾಣದಲ್ಲಿ. ವಿಮಾನಗಳ ಸುರಕ್ಷತೆಗಾಗಿ ಅಲ್ಲಿಂದ ಗಂಟೆಗೊಮ್ಮೆ ಅಥವಾ ಅರ್ಧ ಗಂಟೆಗೊಮ್ಮೆ ಮೆಟಾರ್ ಎಂಬ ವರದಿ ಹೊರಡುತ್ತದೆ, ಮತ್ತು ಜಾಲತಾಣಗಳಿಗೆ ಸುಲಭವಾಗಿ ಸಿಗುವುದು ಅದೇ. ಆ ವರದಿಯಲ್ಲಿ ತಾಪಮಾನವನ್ನು ಪೂರ್ಣಾಂಕಕ್ಕೆ ಸರಿಹೊಂದಿಸಿರುತ್ತಾರೆ. ನಿಲ್ದಾಣ ಊರಾಚೆಯ ಬಯಲಿನಲ್ಲಿರಬಹುದು; ಟೋಕಿಯೊದ ನರಿಟಾ ನಿಲ್ದಾಣ ನಗರದ ನಡುವಿನಿಂದ ಸುಮಾರು 60 ಕಿಲೊಮೀಟರ್ ದೂರದಲ್ಲಿದೆ. ಕಟ್ಟಡ, ಡಾಂಬರು, ವಾಹನಗಳಿಂದಾಗಿ ನಗರದ ನಡುಭಾಗ ಸುತ್ತಲಿನ ಹಳ್ಳಿಗಾಡಿಗಿಂತ ರಾತ್ರಿಯಲ್ಲಿ ಬೆಚ್ಚಗಿರುತ್ತದೆ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲೇ ಹವೆಯ ಅಧ್ಯಯನಕಾರ ಲ್ಯೂಕ್ ಹೊವಾರ್ಡ್ ಲಂಡನ್‌ನಲ್ಲಿ ಇದನ್ನು ಅಳೆದು ತೋರಿಸಿದ್ದರು.

ಜಾಗದ ಮಹಿಮೆ ಎಷ್ಟೆಂಬುದಕ್ಕೆ ಟೋಕಿಯೊದ ಅಧಿಕೃತ ಕೇಂದ್ರವೇ ಸಾಕ್ಷಿ. 2014ರ ಡಿಸೆಂಬರಿನಲ್ಲಿ ಅದನ್ನು ಕಚೇರಿ ಕಟ್ಟಡಗಳ ನಡುವಿನ ಒತೆಮಾಚಿಯಿಂದ ಒಂದು ಕಿಲೊಮೀಟರಿಗಿಂತ ಕಡಿಮೆ ದೂರದ ಕಿತಾನೊಮಾರು ಉದ್ಯಾನಕ್ಕೆ ಸ್ಥಳಾಂತರಿಸಿದರು. ಅಷ್ಟಕ್ಕೇ ದಾಖಲಾಗುವ ಕನಿಷ್ಠ ತಾಪಮಾನ ಸರಾಸರಿ ಒಂದು ಡಿಗ್ರಿಗೂ ಹೆಚ್ಚು ಇಳಿಯಿತು. ಹವೆ ಬದಲಾಗಲಿಲ್ಲ, ಥರ್ಮಾಮೀಟರ್ ಮರಗಳ ನಡುವೆ ಹೋಯಿತು.

ಮನೆಯ ಥರ್ಮಾಮೀಟರ್ ಸದಾ ಮೂರು ನಾಲ್ಕು ಡಿಗ್ರಿ ಹೆಚ್ಚು ತೋರಿಸುತ್ತದೆ. ಅದು ಕೆಟ್ಟಿದೆಯೇ?

ಬಹುಶಃ ಇಲ್ಲ. ಅಧಿಕೃತ ತಾಪಮಾನವನ್ನು ನೆಲದಿಂದ ಒಂದೂಕಾಲು ಮೀಟರಿನಿಂದ ಎರಡು ಮೀಟರ್ ಎತ್ತರದಲ್ಲಿ, ಗಾಳಿಯಾಡುವ ಬಿಳಿ ಪೆಟ್ಟಿಗೆಯೊಳಗಿನ ನೆರಳಿನಲ್ಲಿ ಅಳೆಯುತ್ತಾರೆ. ಗೋಡೆಗೆ ತೂಗುಹಾಕಿದ ಉಪಕರಣ ಗೋಡೆಯ ಶಾಖವನ್ನೂ ಸೇರಿಸಿಕೊಂಡು ಹೇಳುತ್ತದೆ. ಮನೆಯ ಓದನ್ನು ದೂರದ ನಗರದ ಅಧಿಕೃತ ಓದಿನೊಂದಿಗೆ ಹೋಲಿಸಬೇಡಿ.

ಸೆಲ್ಸಿಯಸ್, ಫ್ಯಾರನ್‌ಹೀಟ್, ನಾಟ್, ಇಂಚುಗಳನ್ನು ಹೇಗೆ ಸರಿದೂಗಿಸುವುದು?

ತಾಣದ ಆಯ್ಕೆಗಳಲ್ಲೇ ಮಾನ ಬದಲಿಸಿಕೊಳ್ಳುವುದು ಸುಲಭದ ದಾರಿ. ಕೈಲೆಕ್ಕ ಬೇಕಾದರೆ: ಸೆಲ್ಸಿಯಸ್ ಅಂಕಿಯನ್ನು 1.8ರಿಂದ ಗುಣಿಸಿ 32 ಕೂಡಿಸಿದರೆ ಫ್ಯಾರನ್‌ಹೀಟ್. ಒಂದು ಇಂಚು ಮಳೆ ಎಂದರೆ 25.4 ಮಿಲಿಮೀಟರ್, ಗಾಳಿಯ ವೇಗದ ಮಾನವಾದ ಒಂದು ನಾಟ್ ಎಂದರೆ ಗಂಟೆಗೆ 1.852 ಕಿಲೊಮೀಟರ್, ಸೆಕೆಂಡಿಗೆ ಒಂದು ಮೀಟರ್ ಎಂದರೆ ಗಂಟೆಗೆ 3.6 ಕಿಲೊಮೀಟರ್. ವ್ಯತ್ಯಾಸವನ್ನು ಪರಿವರ್ತಿಸುವಾಗ ಮಾತ್ರ 32 ಕೂಡಿಸಬಾರದು: ಎರಡು ನಗರಗಳ ನಡುವೆ 10 ಡಿಗ್ರಿ ಸೆಲ್ಸಿಯಸ್ ಅಂತರವಿದ್ದರೆ ಅದು 18 ಡಿಗ್ರಿ ಫ್ಯಾರನ್‌ಹೀಟ್ ಅಂತರ, 50 ಅಲ್ಲ. ಹಾಗೆಯೇ 20 ಡಿಗ್ರಿಯ ಊರು 10 ಡಿಗ್ರಿಯ ಊರಿಗಿಂತ 'ಎರಡು ಪಟ್ಟು ಬಿಸಿ' ಎಂಬ ಮಾತಿಗೂ ಅರ್ಥವಿಲ್ಲ; ಅದೇ ಎರಡು ಊರುಗಳು ಫ್ಯಾರನ್‌ಹೀಟಿನಲ್ಲಿ 68 ಮತ್ತು 50.

ದಕ್ಷಿಣಾರ್ಧಗೋಳದ ನಗರವನ್ನು ಹೋಲಿಸುವಾಗ ಏನು ಮಾಡಬೇಕು?

ಉತ್ತರಾರ್ಧಗೋಳದ ಊರಿನ ಎದುರು ಅದನ್ನು ಆರು ತಿಂಗಳು ಸರಿಸಿ ನೋಡಬೇಕು. ಅಲ್ಲಿಯ ಜನವರಿಯನ್ನು ಇಲ್ಲಿಯ ಜುಲೈಯೊಂದಿಗೆ ಜೋಡಿಸಿದರೆ ಬೇಸಿಗೆಗೆ ಬೇಸಿಗೆ ಎದುರಾಗುತ್ತದೆ. ಪ್ರವಾಸಕ್ಕೆ ಮಾತ್ರ ಕ್ಯಾಲೆಂಡರಿನಂತೆಯೇ ನೋಡಿ.

ಎತ್ತರದ ನಗರದ ವಾಯುಭಾರವೂ ಕಡಲ ತೀರದ ನಗರದ್ದೂ ಒಂದೇ ಎಂದು ತೋರಿಸುತ್ತಾರೆ. ಇದು ಹೇಗೆ ಸಾಧ್ಯ?

ತೋರಿಸುತ್ತಿರುವುದು ಸಮುದ್ರಮಟ್ಟಕ್ಕೆ ಸರಿಹೊಂದಿಸಿದ ಅಂಕಿ. ಸುಮಾರು 3,600 ಮೀಟರ್ ಎತ್ತರದಲ್ಲಿರುವ ಬೊಲಿವಿಯಾದ ಲಾಪಾಜ್‌ನಲ್ಲಿ ನಿಜವಾದ ವಾಯುಭಾರ 650 ಹೆಕ್ಟೋಪಾಸ್ಕಲ್‌ನ ಆಸುಪಾಸಿನಲ್ಲಿರುತ್ತದೆ; ಪರದೆಯ ಮೇಲೆ ಅದು ಸಾವಿರ ದಾಟಿರುತ್ತದೆ.

ಗಾಳಿಯ ಗುಣಮಟ್ಟದ ಸೂಚ್ಯಂಕವನ್ನೂ ಹೀಗೆಯೇ ಹೋಲಿಸಬಹುದೇ?

ಸೂಚ್ಯಂಕವನ್ನು ಬೇಡ, ಅದರ ಹಿಂದಿನ ಸಾಂದ್ರತೆಯನ್ನು ಹೋಲಿಸಿ. ಘನ ಮೀಟರಿಗೆ 30 ಮೈಕ್ರೊಗ್ರಾಂ ಪಿಎಂ 2.5 ಸೂಕ್ಷ್ಮಕಣಗಳಿರುವ ಗಾಳಿ ಭಾರತದ ಸೂಚ್ಯಂಕದಲ್ಲಿ 50, ಅಂದರೆ 'ಉತ್ತಮ' ವರ್ಗದ ಕೊನೆಯ ಗಡಿ. ಅದೇ ಗಾಳಿ 2024ರಲ್ಲಿ ಪರಿಷ್ಕೃತವಾದ ಅಮೆರಿಕದ ಸೂಚ್ಯಂಕದಲ್ಲಿ 90ರ ಸುತ್ತ, ಅಂದರೆ ಒಂದು ವರ್ಗ ಕೆಳಗೆ ಬೀಳುತ್ತದೆ.

'ಸಾರ್ವಕಾಲಿಕ ದಾಖಲೆ' ಎಂದು ಕೊಡುವ ಅಂಕಿಗಳನ್ನು ಎಷ್ಟು ನಂಬಬಹುದು?

ಕುತೂಹಲಕ್ಕಾಗಿ ಓದಿ, ಹೋಲಿಕೆಗೆ ಬಳಸಬೇಡಿ. ನೂರೈವತ್ತು ವರ್ಷಗಳ ದಾಖಲೆಯಿರುವ ನಗರದಲ್ಲಿ ಅತಿರೇಕದ ದಿನವೊಂದು ಸಿಕ್ಕಿಬೀಳುವ ಸಂಭವ, ಇಪ್ಪತ್ತು ವರ್ಷಗಳ ದಾಖಲೆಯಿರುವ ನಗರಕ್ಕಿಂತ ಸಹಜವಾಗಿಯೇ ಹೆಚ್ಚು. ಹಳೆಯ ಓದುಗಳಲ್ಲಿ ತಪ್ಪುಗಳೂ ಇವೆ. ಲಿಬಿಯಾದ ಅಲ್ ಅಜೀಜಿಯಾದಲ್ಲಿ 1922ರ ಸೆಪ್ಟೆಂಬರ್ 13ರಂದು ದಾಖಲಾದ 58 ಡಿಗ್ರಿಯನ್ನು ತೊಂಬತ್ತು ವರ್ಷಗಳ ಕಾಲ ಜಗತ್ತಿನ ಗರಿಷ್ಠ ತಾಪಮಾನವೆಂದು ಪುಸ್ತಕಗಳು ಹೇಳುತ್ತಿದ್ದವು. 2012ರಲ್ಲಿ ವಿಶ್ವ ಹವಾಮಾನ ಸಂಸ್ಥೆ ಅದನ್ನು ಅನೂರ್ಜಿತಗೊಳಿಸಿತು. ಉಪಕರಣದ ಪರಿಚಯ ಸಾಲದ ವೀಕ್ಷಕರು ಅದನ್ನು ತಪ್ಪಾಗಿ ಓದಿರಬೇಕು ಎಂಬುದು ಪರಿಶೀಲನೆ ಕಂಡುಕೊಂಡ ಮುಖ್ಯ ಕಾರಣ.

ನನ್ನ ಊರಿನಂಥದೇ ಹವೆಯಿರುವ ನಗರವನ್ನು ಹುಡುಕುವುದು ಹೇಗೆ?

ಮೊದಲು ಕೊಪ್ಪನ್ ವರ್ಗೀಕರಣದಲ್ಲಿ ನಿಮ್ಮ ಊರಿನ ಸಂಕೇತ ಯಾವುದೆಂದು ನೋಡಿ. ವ್ಲಾದಿಮಿರ್ ಕೊಪ್ಪನ್ 1884ರಲ್ಲಿ ಆರಂಭಿಸಿ ಮುಂದೆ ತಿದ್ದುತ್ತ ಬಂದ ಈ ವ್ಯವಸ್ಥೆ, ತಾಪಮಾನ ಮತ್ತು ಮಳೆಯ ತಿಂಗಳವಾರು ಹಂಚಿಕೆಯನ್ನು ಆಧರಿಸಿ ಜಗತ್ತನ್ನು ಐದು ದೊಡ್ಡ ಗುಂಪುಗಳಾಗಿ, ಅವುಗಳೊಳಗೆ ಉಪಗುಂಪುಗಳಾಗಿ ವಿಂಗಡಿಸುತ್ತದೆ. ಅದೇ ಸಂಕೇತದ ನಗರಗಳ ಪಟ್ಟಿ ಹಿಡಿದು, ಮೇಲೆ ಹೇಳಿದ ಮೂವತ್ತಾರು ಅಂಕಿಗಳನ್ನು ಒಂದು ಸ್ಪ್ರೆಡ್‌ಶೀಟಿನಲ್ಲಿ ಎದುರುಬದುರು ಇಟ್ಟು, ತಿಂಗಳ ವ್ಯತ್ಯಾಸಗಳನ್ನು ಅಧಿಕ–ಋಣ ಚಿಹ್ನೆ ಬಿಟ್ಟು ಕೂಡಿಸಿ. ತಾಪಮಾನಕ್ಕೊಂದು, ಮಳೆಗೊಂದು ಮೊತ್ತ ಬೇರೆಯಾಗಿ ಬರಲಿ. ಡಿಗ್ರಿಯನ್ನೂ ಮಿಲಿಮೀಟರನ್ನೂ ಒಂದೇ ಮೊತ್ತದಲ್ಲಿ ಸೇರಿಸಿದರೆ ದೊಡ್ಡ ಅಂಕಿಗಳ ಮಳೆಯೇ ಎಲ್ಲವನ್ನೂ ನುಂಗಿಹಾಕುತ್ತದೆ. ಎರಡೂ ಮೊತ್ತ ಕಡಿಮೆಯಿರುವ ನಗರ ನಿಮ್ಮ ಊರಿಗೆ ಹತ್ತಿರದ ಹವೆಯದು.

ಇಂಥ ಜೋಡಿಗಳನ್ನು ಸಂಶೋಧಕರೂ ಹುಡುಕಿದ್ದಾರೆ. 2019ರಲ್ಲಿ ಜ್ಯೂರಿಕ್‌ನ ಸಂಶೋಧಕರ ತಂಡವೊಂದು ಜಗತ್ತಿನ 520 ಪ್ರಮುಖ ನಗರಗಳನ್ನು ಪರಿಶೀಲಿಸಿ, 2050ರ ಹೊತ್ತಿಗೆ ಲಂಡನ್‌ನ ವಾಯುಗುಣ ಈಗಿನ ಬಾರ್ಸಿಲೋನಾದ್ದನ್ನೂ ಮ್ಯಾಡ್ರಿಡ್‌ನದು ಮರಾಕೇಶ್‌ನದ್ದನ್ನೂ ಹೋಲಬಹುದೆಂದು ಅಂದಾಜಿಸಿತು. ಆ ಹೋಲಿಕೆ ತಾಪಮಾನ, ಮಳೆಗಳಿಗೆ ಸೀಮಿತವಾದದ್ದು. ಹಗಲಿನ ಉದ್ದ ಅಕ್ಷಾಂಶಕ್ಕೆ ಅಂಟಿಕೊಂಡಿರುವುದರಿಂದ, ಲಂಡನ್ ಎಷ್ಟೇ ಬೆಚ್ಚಗಾದರೂ ಡಿಸೆಂಬರಿನಲ್ಲಿ ಅಲ್ಲಿ ಸಂಜೆ ನಾಲ್ಕಕ್ಕೇ ಹೊತ್ತು ಮುಳುಗುತ್ತದೆ. ನಿಮ್ಮ ಜೋಡಿಯಲ್ಲೂ ಅಕ್ಷಾಂಶದ ಅಂತರ ಹೆಚ್ಚಿದ್ದರೆ, ಕೋಷ್ಟಕಕ್ಕೆ ಸೂರ್ಯೋದಯ ಮತ್ತು ಸೂರ್ಯಾಸ್ತದ ಹೊತ್ತಿಗೆಂದು ಇನ್ನೆರಡು ಕಂಬಸಾಲುಗಳನ್ನು ಸೇರಿಸಿಕೊಳ್ಳಿ.